ಮೆತ್ತನೆ ಸಿಂಬಿ

ನಮ್ಮೂರಿನ ಚಾವಡಿಯಲ್ಲಿ ನನ್ನ ಕೆಲಸ ಸಿಂಬಿ ಸುತ್ತುವುದು. ತಲೆಯ ಮೇಲೆ ಕೊಡವನ್ನೋ ಮೂಟೆಯನ್ನೋ ಹೊರುವಾಗ ಕೆಳಗೆ ಬಟ್ಟೆಯ ಸುರುಳಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಿಂಬಿ. ನಮ್ಮ ತಾತ ಸುತ್ತಿದ, ನಮ್ಮಪ್ಪ ಸುತ್ತಿದ, ಈಗ ಮೂವತ್ತು ವರ್ಷದಿಂದ ನಾನು ಸುತ್ತುತ್ತಿದ್ದೇನೆ. ಈ ಮೂರು ತಲೆಮಾರಿನಲ್ಲಿ ನಮ್ಮ ಮನೆಯ ಗಂಡಸರು ಯಾರೂ ತಲೆಯ ಮೇಲೆ ಏನನ್ನೂ ಹೊತ್ತವರಲ್ಲ. ಔಷಧಿ ಅರೆಯುವವನಿಗೆ ಎಲ್ಲ ಕಾಯಿಲೆಯೂ ಬಂದಿರಬೇಕೆಂದು ಎಲ್ಲಾದರೂ ಇದೆಯೇ?

ಚಾವಡಿಯ ಜಗಲಿಯ ಮೇಲೆ ಹಲಸಿನಕಾಯಿ ಗಾತ್ರದ ಒಂದು ಕರಿಕಲ್ಲಿದೆ. ಊರಿಗೆ ಯಾವ ಹೊಸ ಕಾಯಿದೆ ಬರಬೇಕಾದರೂ ಅದನ್ನು ತಂದವರು ಈ ಕಲ್ಲನ್ನು ಹೊತ್ತು ಊರು ಸುತ್ತಬೇಕು. ಚಾವಡಿಯಿಂದ ಪೇಟೆಬೀದಿ, ಮೇಲುಬೀದಿ, ಕೆಳಬೀದಿ, ಅಲ್ಲಿಂದ ಅಕ್ಕಿ ಮಿಲ್ಲಿರುವ ದಿಬ್ಬ ಹತ್ತಿ ಇಳಿದು, ದಿಬ್ಬದ ಹಿಂದಿರುವ ನಮ್ಮ ಓಣಿಯನ್ನು ಹಾದು ಮತ್ತೆ ಚಾವಡಿಗೆ. ಕಲ್ಲು ನೆಲ ಮುಟ್ಟದೆ ವಾಪಸ್ಸು ಬಂದರೆ ಕಾಯಿದೆ ಜಾರಿ. ದಾರಿಯಲ್ಲಿ ಬಿದ್ದರೆ ಆ ವಿಷಯವನ್ನು ಹನ್ನೆರಡು ವರ್ಷ ಯಾರೂ ಎತ್ತುವಂತಿಲ್ಲ. ಕಲ್ಲು ಒಂದೇ, ಅದರ ತೂಕ ಮಾತ್ರ ದಿನಕ್ಕೊಂದು. ಯಾರಿಂದಲೂ ಏನನ್ನೂ ಕಳೆಯದ ಕಾಯಿದೆಯಾದರೆ ಅದು ಕಡಲೆಪುರಿಯ ಪೊಟ್ಟಣದಷ್ಟೇ ಹಗುರ. ಯಾರದಾದರೂ ಕೈಯಿಂದ ಏನಾದರೂ ಕಿತ್ತುಕೊಳ್ಳುವ ಕಾಯಿದೆಯಾದರೆ ಕಿತ್ತುಕೊಂಡಷ್ಟು ಭಾರ.

ಹೊರುವವರ ಹಿಂದೆ ನಾನು ಪೆನ್ನು ಹಿಡಿದು ನಡೆಯುತ್ತೇನೆ. ಕಾಯಿದೆಯ ಕಾಗದವನ್ನು ಸಿಂಬಿಯಿಂದ ಇಳಿಬಿಟ್ಟ ಬಟ್ಟೆಯ ತುದಿಗೆ ಗುಂಡುಸೂಜಿಯಿಂದ ಚುಚ್ಚಿರುತ್ತೇವೆ. ಕತ್ತು ಸೋತಾಗ ಹೊರುವವರು ಹೇಳಬೇಕು, ಮೂರನೇ ಸಾಲು ಹೊಡಿ ಎಂದು. ನಾನು ಹೊಡೆಯುತ್ತೇನೆ, ಇಲ್ಲವೇ ಒಂದು ‘ಹೊರತು’ ಸೇರಿಸುತ್ತೇನೆ. ಗೀಟು ಎಳೆದ ಕ್ಷಣವೇ ಕಲ್ಲು ಅಷ್ಟು ಹಗುರಾಗುತ್ತದೆ. ಚಾವಡಿಯ ಪುಸ್ತಕದಲ್ಲಿ ಇದಕ್ಕೆ ‘ದಾರಿ ತಿದ್ದುಪಡಿ’ ಎಂದು ಹೆಸರು.

ಹಾಗಾಗಿ ನಮ್ಮೂರಿನ ಕಾಯಿದೆಗಳನ್ನು ಓದಿದರೆ ಯಾವ ತಿದ್ದುಪಡಿ ಯಾವ ಜಾಗದಲ್ಲಿ ಆಯಿತೆಂದು ಕಣ್ಣುಮುಚ್ಚಿ ಹೇಳಬಹುದು. ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದೆಂಬ ಕಾಯಿದೆ ಚಾವಡಿಯಿಂದ ಹೊರಟಾಗ ರಾಗಿ ಮೂಟೆಯಷ್ಟಿತ್ತು. ಪೇಟೆಯಲ್ಲಿ ‘ಸಂತೆಯ ದಿನ ಹೊರತು’ ಸೇರಿತು. ಮೇಲುಬೀದಿಯಲ್ಲಿ ‘ಮದುವೆ, ನಾಮಕರಣ, ನೆಂಟರು ಬಂದ ದಿನ ಹೊರತು’ ಸೇರಿತು. ದಿಬ್ಬದಲ್ಲಿ ‘ಮಿಲ್ಲಿನ ಗಾಡಿ ಹೊರತು’. ಚಾವಡಿಗೆ ಬಂದಾಗ ಅದು ತೆಂಗಿನಕಾಯಿಯಷ್ಟಿತ್ತು. ಊರನ್ನು ಚೊಕ್ಕಟವಾಗಿಡುವುದು ಎಲ್ಲರ ಕರ್ತವ್ಯ ಎಂಬ ಕಾಯಿದೆಯನ್ನಂತೂ ಆಗಿನ ಅಧ್ಯಕ್ಷರು ಕಿರುಬೆರಳಿನ ಮೇಲೆ ನಿಲ್ಲಿಸಿಕೊಂಡು, ಇನ್ನೊಂದು ಕೈಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ಸುತ್ತಿ ಬಂದರು. ಜನ ಚಪ್ಪಾಳೆ ತಟ್ಟಿದರು.

ಆದರೆ ಮಿಲ್ಲಿನ ವಿನಾಯಿತಿ ಇಲ್ಲದ ಕಾಯಿದೆಯೇ ನಮ್ಮೂರಿನಲ್ಲಿಲ್ಲ. ಮಿಲ್ಲಿನ ಯಜಮಾನ ತಿಪ್ಪೇಸ್ವಾಮಿ ಕೆಟ್ಟವನೆಂದು ಇದರ ಅರ್ಥವಲ್ಲ. ಅವನ ಮಿಲ್ಲು ದಿಬ್ಬದ ಮೇಲಿದೆ, ಅಷ್ಟೇ. ಕಲ್ಲು ಹೊರುವ ದಿನ ಅವನು ಗೇಟಿನ ಮುಂದೆ ಮಡಚುವ ಕುರ್ಚಿ ಹಾಕಿಸಿಕೊಂಡು, ಪಕ್ಕದಲ್ಲಿ ಒಂದು ಚೆಂಬು ಮಜ್ಜಿಗೆ ಇಟ್ಟುಕೊಂಡು ಕೂರುತ್ತಾನೆ. ಬಾಯಿಬಿಟ್ಟು ಒಂದು ಮಾತು ಕೇಳಿದವನಲ್ಲ. ಹತ್ತಿ ಬರುವವರ ಮೊಣಕಾಲು ನಡುಗುವುದನ್ನು ನೋಡುತ್ತಾನೆ. ನಾನು ಪೆನ್ನಿನ ಟೋಪಿ ತೆಗೆಯುತ್ತೇನೆ. ಕೆಲಸ ಮುಗಿದ ಮೇಲೆ ಮೂವರೂ ಮಜ್ಜಿಗೆ ಕುಡಿಯುತ್ತೇವೆ. ಒಳ್ಳೆಯ ಮಜ್ಜಿಗೆ, ಇಂಗಿನ ಒಗ್ಗರಣೆ ಹಾಕಿದ್ದು.

ಊರು ಉದ್ಧಾರ ಮಾಡುತ್ತೇನೆಂದು ಬಂದ ಹನ್ನೊಂದು ಅಧ್ಯಕ್ಷರಿಗೆ ನಾನು ಸಿಂಬಿ ಸುತ್ತಿದ್ದೇನೆ. ಎಲ್ಲರೂ ಚಾವಡಿಯಲ್ಲಿ ಹುಲಿ. ದಿಬ್ಬದ ಬುಡಕ್ಕೆ ಬಂದಾಗ ನಾನು ಕಿವಿಯಲ್ಲಿ ಹೇಳುತ್ತಿದ್ದೆ: “ಹೊಡೆದುಬಿಡಿ ಸ್ವಾಮಿ. ಇಡೀ ಹೋಗೋದಕ್ಕಿಂತ ಅರ್ಧ ಉಳಿಯೋದು ವಾಸಿ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ.” ಈ ಮಾತು ಹೇಳುವಾಗ ನನಗೆ ನಾನೇ ಬಹಳ ತಿಳಿದವನಂತೆ ಕಾಣುತ್ತಿದ್ದೆ. ತತ್ವ ಹೇಳುವವರನ್ನು ಕಂಡರೆ ನನಗೆ ನಗು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಎಲ್ಲರ ಬೆನ್ನ ಹಿಂದೆಯೂ ಅಂದಿದ್ದೇನೆ. ಬೆನ್ನ ಹಿಂದೆ ನಡೆಯುವುದೇ ನನ್ನ ಕೆಲಸವಾದ್ದರಿಂದ ಅದಕ್ಕೆ ಬೇಕಾದಷ್ಟು ಅವಕಾಶವೂ ಇತ್ತು.

ಇನ್ನು ನೀರಿನ ವಿಷಯ. ಊರಿಗೆಲ್ಲ ಒಂದೇ ಟ್ಯಾಂಕು. ಮೇಲುಬೀದಿಯವರು ನಲ್ಲಿಗೆ ಮೋಟಾರು ಹಾಕಿ ಹೀರಿಕೊಳ್ಳುತ್ತಿದ್ದರು. ಮಿಲ್ಲಿಗೆ ಭತ್ತ ಬೇಯಿಸಲು ದಿನವಿಡೀ ನೀರು. ಕೆಳಬೀದಿಗೆ ನಾಲ್ಕು ದಿನಕ್ಕೊಮ್ಮೆ, ಅದೂ ನಲ್ಲಿ ಮೊದಲು ಅರ್ಧ ಗಂಟೆ ಕೆಮ್ಮಿದ ಮೇಲೆ. ದಿಬ್ಬದ ಹಿಂದಿನ ನಮ್ಮ ಓಣಿಯ ಹತ್ತೊಂಬತ್ತು ಮನೆಗಳಿಗೆ ಪೈಪೇ ಇರಲಿಲ್ಲ. ನಮ್ಮ ಹೆಂಗಸರು ಪೇಟೆಯ ಬೋರಿನಿಂದ ಕೊಡಪಾನ ತುಂಬಿಕೊಂಡು ದಿಬ್ಬ ಹತ್ತಿ ಇಳಿಯುತ್ತಿದ್ದರು. ನನ್ನ ಹೆಂಡತಿ ಚಿಕ್ಕತಾಯಿ ದಿನಕ್ಕೆ ಆರು ಸಲ ಹೋಗಿ ಬರುತ್ತಿದ್ದಳು, ತಲೆಯ ಮೇಲೆ ಎರಡು, ಸೊಂಟದಲ್ಲಿ ಒಂದು. ಅಷ್ಟು ಹೊತ್ತೂ ನಾನು ಮನೆಯ ಜಗಲಿಯಲ್ಲಿ ಕೂತು ಚಾವಡಿಗೆ ಸಿಂಬಿ ಸುತ್ತುತ್ತಿದ್ದೆ.

ಹೀಗಿರುವಾಗ ವಿಮಲಾಕ್ಷಿ ಟೀಚರು ಅಧ್ಯಕ್ಷರಾದರು. ಊರಿನ ಪ್ರೈಮರಿ ಶಾಲೆಯಲ್ಲಿ ಮೂವತ್ತಾರು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಊರಿನಲ್ಲಿ ಅರ್ಧ ಜನ ಅವರಿಂದ ಕಿವಿ ಹಿಂಡಿಸಿಕೊಂಡವರೇ. ಅವರು ಬಂದ ಎರಡನೇ ತಿಂಗಳಿಗೇ ನೀರಿನ ನಿರ್ಣಯ ಬರೆಸಿದರು. ಮೂರು ಕಲಮು. ಒಂದು, ಎಲ್ಲ ಮನೆಗೂ ದಿನಕ್ಕೊಂದು ಗಂಟೆ ನೀರು. ಎರಡು, ನಲ್ಲಿಗೆ ಮೋಟಾರು ಹಾಕುವಂತಿಲ್ಲ. ಮೂರು, ದಿಬ್ಬದ ಹಿಂದಿನ ಓಣಿಗೂ ಪೈಪು, ಮಿಲ್ಲಿಗೂ ಎಲ್ಲರಂತೆ ಒಂದೇ ಗಂಟೆ.

ಕಾಗದ ಚುಚ್ಚುವಾಗ ಮೂರನೆಯ ಕಲಮನ್ನು ನಾನು ಎರಡು ಸಲ ಓದಿದೆ. ಆಮೇಲೆ ಹೇಳಿದೆ: “ಮೇಡಂ, ಇದು ಭಾರ ಆಗ್ತದೆ. ಮೊದಲೇ ಏನಾದ್ರೂ ತೆಗೆದು ಹೊರಡೋಣ.”

“ಯಾವುದನ್ನ ತೆಗೀಲಿ ಬೋರಲಿಂಗಯ್ಯ? ನಿಮ್ಮ ಓಣೀನ?”

ನಾನು ಸಿಂಬಿ ಸರಿಮಾಡುವವನಂತೆ ಬಗ್ಗಿದೆ. ಮನೆಯಲ್ಲಿ ಚಿಕ್ಕತಾಯಿಗೆ ಹಿಂದಿನ ದಿನವೇ ವಿಷಯ ಹೇಳಿದ್ದೆ. ಅವಳು ನಲ್ಲಿ ಬಂದರೆ ಎಲ್ಲಿ ಬರಬಹುದೆಂದು ಬಚ್ಚಲಿನ ಗೋಡೆ ನೋಡಿ ಬಂದಿದ್ದಳು.

ಕಲ್ಲು ಎತ್ತಿಕೊಡಲು ನಾಲ್ಕು ಜನ ಬೇಕಾಯಿತು. ಟೀಚರು ಗುಬ್ಬಿಯಂಥ ಹೆಂಗಸು. ಆ ಕಲ್ಲು ಕೂತೊಡನೆ ಅವರ ಕತ್ತು ಭುಜದೊಳಗೆ ಇಳಿದಂತೆ ಕಂಡಿತು. ಆದರೂ ನಡೆದರು. ಪೇಟೆಯಲ್ಲಿ ಅಂಗಡಿಯವರು ಗಲಾಟೆ ಮಾಡಿದರು, ಅವರು ನಿಲ್ಲಲಿಲ್ಲ. ಮೇಲುಬೀದಿಯಲ್ಲಿ ಜಗಲಿಯ ಮೇಲಿಂದ ಒಬ್ಬ ಕೂಗಿದ: “ಟೀಚರ್, ಮೋಟಾರಿನ ಕಲಮು ಬಿಟ್ಟುಬಿಡಿ, ಹಗೂರಾಗ್ತದೆ.” ಟೀಚರು ಕತ್ತು ತಿರುಗಿಸದೆ, ಕಣ್ಣು ಮಾತ್ರ ತಿರುಗಿಸಿ, “ನಾನು ನಿನಗೆ ಕಲಿಸಿದ ಭಾಗಾಕಾರ ಇದೇ ಏನೋ?” ಎಂದರು. ಐವತ್ತು ದಾಟಿದ ಆ ಮನುಷ್ಯ ಎದ್ದು ಒಳಗೆ ಹೋದ. ಕೆಳಬೀದಿಯವರು ಅವರ ಕಾಲಿಗೆ ನೀರು ಹಾಕಲು ಹೋಗಿ, ನೀರಿಲ್ಲದ್ದು ನೆನಪಾಗಿ, ಹೂವು ಹಾಕಿದರು.

ದಿಬ್ಬದ ಬುಡದಲ್ಲಿ ಅವರ ಉಸಿರು ನನಗೆ ಕೇಳಿಸತೊಡಗಿತು. ಅರ್ಧ ಹತ್ತಿದಾಗ ಮೂಗಿನಿಂದ ಒಂದು ಹನಿ ರಕ್ತ ಸೀರೆಯ ಮೇಲೆ ಬಿತ್ತು. ಕಲ್ಲು ಸಿಂಬಿಯ ಮೇಲೆ ಅತ್ತ ಇತ್ತ ಆಡುತ್ತಿತ್ತು. ಗೇಟಿನ ಮುಂದೆ ತಿಪ್ಪೇಸ್ವಾಮಿ ಕುರ್ಚಿಯಲ್ಲಿ ಕೂತಿದ್ದ. “ನಿಧಾನ ಟೀಚರಮ್ಮ. ಮಜ್ಜಿಗೆ ಐತೆ,” ಎಂದ.

ಇದು ನಾನು ಪೆನ್ನಿನ ಟೋಪಿ ತೆಗೆಯುವ ಜಾಗ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈ ಜೇಬಿಗೆ ಹೋಗಲಿಲ್ಲ. “ಇನ್ನು ಇಪ್ಪತ್ತು ಹೆಜ್ಜೆ ಮೇಡಂ. ಆಮೇಲೆ ಇಳಿಜಾರು. ಆಗ್ತದೆ, ನಡೀರಿ,” ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು.

ಟೀಚರು ನಿಂತರು. “ಬೋರಲಿಂಗಯ್ಯ, ಮೂರನೇದು ಹೊಡಿ.”

“ಅದು ನಮ್ಮ ಓಣಿ ಮೇಡಂ.”

“ಗೊತ್ತು.”

“ಮೋಟಾರಿಂದು ಹೊಡೀಲಾ?”

“ಅದು ಹೋದ್ರೆ ಕೆಳಬೀದಿಗೆ ಒಂದು ತೊಟ್ಟೂ ಬರಲ್ಲ. ಕಲ್ಲು ಬಿದ್ರೆ ಹನ್ನೆರಡು ವರ್ಷ ಯಾರಿಗೂ ಇಲ್ಲ. ಆ ಕಡೆ ನಾಲ್ಕುನೂರು ಮನೆ, ಈ ಕಡೆ ಹತ್ತೊಂಬತ್ತು. ಹೊಡಿ, ಬೀಳ್ತಾ ಇದೆ.”

ಬೀಳುತ್ತಿದ್ದುದು ನಿಜ. ಹೊಡೆದೆ. ನನ್ನ ಓಣಿಯನ್ನು, ನನ್ನ ಹೆಂಡತಿ ನೋಡಿಟ್ಟ ಬಚ್ಚಲಿನ ಗೋಡೆಯನ್ನು, ನನ್ನದೇ ಪೆನ್ನಿನಿಂದ ಒಂದು ಗೀಟು ಎಳೆದು ಹೊಡೆದೆ. ಕಲ್ಲು ಕುಂಬಳಕಾಯಿಯಷ್ಟಾಯಿತು. ಟೀಚರ ಕತ್ತು ಮೇಲೆ ಬಂತು. ತಿಪ್ಪೇಸ್ವಾಮಿ ಮಜ್ಜಿಗೆ ಕೊಟ್ಟ. ನನಗೆ ಇಳಿಯಲಿಲ್ಲ. ಹನ್ನೊಂದು ಅಧ್ಯಕ್ಷರ ಕಿವಿಯಲ್ಲಿ ನಾನು ಹೇಳಿದ ಬುದ್ಧಿಮಾತು ಆ ಹೊತ್ತಿಗೆ ನನ್ನ ಕಿವಿಗೇ ಬಂದು ಕೂತಿತ್ತು. ಟೀಚರ ಮೇಲೆ ಸಿಟ್ಟು ಬಂತು, ತಿಪ್ಪೇಸ್ವಾಮಿಯ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಆ ಲೆಕ್ಕ ಸರಿಯಾಗಿಯೇ ಇದ್ದುದರ ಮೇಲೆ ಬಂತು.

ದಿಬ್ಬ ಇಳಿದು ನಮ್ಮ ಓಣಿಗೆ ಬಂದಾಗ ಹೆಂಗಸರೆಲ್ಲ ಬಾಗಿಲಲ್ಲಿದ್ದರು. ಚಿಕ್ಕತಾಯಿ ಕಲ್ಲನ್ನು ನೋಡಲಿಲ್ಲ, ಟೀಚರ ಕತ್ತು ನೋಡಿದಳು. ಹೊರುವವರಿಗೆ ಹೊರೆ ಗೊತ್ತಾಗುತ್ತದೆ. “ಹಗೂರಾಗೈತಲ್ಲ. ಏನು ಬಿಟ್ಟು ಬಂದ್ರಿ?” ಎಂದು ನನ್ನನ್ನು ಕೇಳಿದಳು. ನಾನು ಕಾಗದ ಸರಿಮಾಡಿದೆ.

ಕಾಯಿದೆ ಜಾರಿಯಾಯಿತು. ಕೆಳಬೀದಿಯಲ್ಲಿ ಹಬ್ಬದಂತಾಯಿತು. ಯಾವ ಮನೆ ನೋಡಿದರೂ ಬಟ್ಟೆ ಒಗೆಯುವವರೇ. ವಾರದ ಮೇಲೆ ಟೀಚರು ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದರು. ಡಾಕ್ಟರು ಇನ್ನು ಮೇಲೆ ಸೊಪ್ಪಿನ ಕಟ್ಟನ್ನೂ ತಲೆಯ ಮೇಲೆ ಇಟ್ಟುಕೊಳ್ಳಬಾರದೆಂದು ಹೇಳಿದ್ದರಂತೆ. ಚಿಕ್ಕತಾಯಿ ಚಾಪೆ ಹಾಸಿ ಒಂದು ಲೋಟ ನೀರು ಕೊಟ್ಟಳು. ಟೀಚರು ಆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು.

“ಬೇರೆ ದಾರಿ ಇರಲಿಲ್ಲ ಚಿಕ್ಕತಾಯಿ. ಲೆಕ್ಕ ಹಾಗಿತ್ತು.”

“ಲೆಕ್ಕ ಸರಿಯಾಗೇ ಐತೆ ಬುಡಿ ಮೇಡಮ್ಮ. ನಾಲ್ಕನೇ ಕ್ಲಾಸಿನ ತಂಕ ನಿಮ್ಮ ತಾವೇ ಕಲ್ತಿದ್ದು ನಾನು. ಭಾಗಾಕಾರ ಮಾಡಿದ್ಮೇಲೆ ಶೇಷ ಅಂತ ಒಂದು ಉಳೀತದಲ್ಲ, ಅದು ನಾವು. ನೀರು ಕುಡೀರಿ, ಬಿಸ್ಲಲ್ಲಿ ಬಂದಿದ್ದೀರ.”

ಟೀಚರು ಕುಡಿದರು. ಹೋಗುವಾಗ ಮುಂದಿನ ವರ್ಷ ನಿಮ್ಮ ಓಣಿಗೇ ಒಂದು ನಿರ್ಣಯ ತರುತ್ತೇನೆ, ಹತ್ತೊಂಬತ್ತು ಮನೆಯ ವಿಷಯ ಎಷ್ಟು ಭಾರವಾದೀತು ಎಂದರು. ನನಗೂ ಹಾಗೆಯೇ ಅನ್ನಿಸಿತು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು, ಒಂದು ವರ್ಷ ತಾನೇ ಎಂದು ಸಮಾಧಾನ ಮಾಡಿಕೊಂಡೆ. ನೀರು ಹೊರುವವನು ನಾನಲ್ಲವಲ್ಲ, ಸಮಾಧಾನ ಬೇಗ ಬಂತು.

ಮುಂದಿನ ವರ್ಷ ಒಂದೇ ಒಂದು ಸಾಲಿನ ನಿರ್ಣಯ ಬರೆದರು: ದಿಬ್ಬದ ಹಿಂದಿನ ಓಣಿಗೂ ಪೈಪು ಹಾಕಿ ಊರಿನ ಸಮಕ್ಕೆ ನೀರು ಬಿಡತಕ್ಕದ್ದು. ಮಿಲ್ಲಿನ ಹೆಸರನ್ನೇ ಎತ್ತಲಿಲ್ಲ, ಹಗುರಾಗಿರಲೆಂದು. ಹೊರುವುದಕ್ಕೆ ಮುಂಚೆ ಚಾವಡಿಯಲ್ಲಿ ಒಮ್ಮೆ ತೂಕ ನೋಡುವ ಪದ್ಧತಿಯಿದೆ. ಕಾಗದವನ್ನು ಕಲ್ಲಿನ ಕೆಳಗಿಟ್ಟು ಎತ್ತಿ ನೋಡಿದರೆ ಮೂವರಿಗೆ ಅಲುಗಲಿಲ್ಲ. ನಾಲ್ಕನೆಯವನು ಸೇರಿದ ಮೇಲೆ ಒಂದು ಗೇಣು ಎದ್ದಿತು. ಮೂಗಿಗಿಂತ ಮೂಗುತಿ ಭಾರ ಎಂಬುದನ್ನು ಅವತ್ತು ಕಣ್ಣಾರೆ ಕಂಡೆ.

ಯಾರಿಗೂ ಅರ್ಥವಾಗಲಿಲ್ಲ. ಟೀಚರಿಗೆ ಮಾತ್ರ ಆಯಿತು. ಟ್ಯಾಂಕಿನಲ್ಲಿ ಇರುವಷ್ಟೇ ನೀರು. ಹತ್ತೊಂಬತ್ತು ಮನೆ ಸೇರಿಸಿದರೆ ಉಳಿದ ಪ್ರತಿ ಮನೆಗೂ ದಿನಕ್ಕೆ ಮೂರು ನಿಮಿಷ ಕಡಿಮೆಯಾಗುತ್ತದೆ. ಹೋದ ವರ್ಷ ಕಿತ್ತುಕೊಳ್ಳಬೇಕಾಗಿದ್ದುದು ಮೇಲುಬೀದಿಯ ನಲವತ್ತು ಮೋಟಾರಿನಿಂದ ಮತ್ತು ಒಂದು ಮಿಲ್ಲಿನಿಂದ. ಈಗ ನಾಲ್ಕುನೂರು ಮನೆಯಿಂದ.

ಕೆಳಬೀದಿಯ ಸದಸ್ಯ ಹನುಮಂತರಾಯಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. ಎರಡು ವರ್ಷದ ಹಿಂದೆ ಇದೇ ಮನುಷ್ಯ ಖಾಲಿ ಬಿಂದಿಗೆ ತಲೆಯ ಮೇಲೆ ಬೋರಲು ಹಾಕಿಕೊಂಡು ಚಾವಡಿಯ ಮುಂದೆ ಧರಣಿ ಕೂತಿದ್ದ. “ಬೋರಣ್ಣ, ನಿಮ್ಮ ಕಷ್ಟ ನಮಗೆ ಗೊತ್ತಿಲ್ವ? ಆದ್ರೆ ಈಗ ತಾನೇ ಜನ ಸುಧಾರಿಸ್ಕೊಂಡವ್ರೆ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು,” ಎಂದ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ ಎನ್ನುತ್ತಾರೆ. ನನ್ನ ಪಾಡು ಅದಕ್ಕಿಂತ ಕಡೆ. ಆಡಿಕೊಳ್ಳುತ್ತಿದ್ದವನೂ ನಾನೇ, ಬಿದ್ದವನೂ ನಾನೇ.

ಟೀಚರು ಕತ್ತಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, “ನಾನೇ ಹೊರ್ತೀನಿ, ಎತ್ತಿ,” ಎಂದರು. ಎತ್ತಿಕೊಡಲು ಯಾರೂ ಬರಲಿಲ್ಲ. ಆ ಕತ್ತಿನ ಮೇಲೆ ಕಲ್ಲಿಟ್ಟು ಆಮೇಲೆ ಹೆಣ ಹೊರುವ ಕೆಲಸ ಯಾರಿಗೆ ಬೇಕು? ನಾನೇ ಪಟ್ಟಿಯನ್ನು ತಿರುಗಿ ಅವರ ಕತ್ತಿಗೆ ಕಟ್ಟಿದೆ.

ಅವತ್ತು ಮನೆಗೆ ಬಂದು ಚಿಕ್ಕತಾಯಿಗೆ ಒಂದು ವಿಷಯ ಹೇಳಿದೆ. ಮೂವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು. ಕಲ್ಲು ಹೊರುವವರು ಚಾವಡಿಯ ಸದಸ್ಯರೇ ಆಗಿರಬೇಕೆಂದು ಊರಿನವರೆಲ್ಲ ತಿಳಿದಿದ್ದಾರೆ. ಪುಸ್ತಕದಲ್ಲಿ ಹಾಗಿಲ್ಲ. ‘ಊರಿನವರು ಯಾರಾದರೂ’ ಎಂದಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿನವರೆಲ್ಲ ಹೊರಲು ಬಂದರೆ ಸಿಂಬಿ ಸುತ್ತಿ ಸುತ್ತಿ ಸಾಯುವವನು ಯಾರು?

ಚಿಕ್ಕತಾಯಿ ಒಲೆಯ ಮುಂದಿದ್ದಳು. “ಎಷ್ಟು ಭಾರ ಐತೆ?”

“ನಾಲ್ಕು ಜನ ಎತ್ತೋಕೆ ತಿಣುಕಿದ್ರು.”

“ಎತ್ತೋದು ಬೇರೆ, ಹೊರೋದು ಬೇರೆ. ನಾಲ್ಕು ಕೊಡಪಾನದ ಮೇಲೈತಾ?”

“ನಾಲ್ಕೂವರೆ ಅಂದ್ಕೋ.”

“ನಿಮ್ಮ ತಂಗಿ ಮದ್ವೇಲಿ ತಲೆ ಮೇಲೆ ಮೂರು, ಸೊಂಟಕ್ಕೊಂದು ಹೊತ್ತು ದಿಬ್ಬ ಹತ್ತಿವ್ನಿ. ಹೊಟ್ಟೆಲಿ ನಿಮ್ಮ ಮಗಳೂ ಇದ್ಲು. ಆಗ ನಿಮ್ಮ ಚಾವಡಿಯೋರು ಯಾರೂ ಚಪ್ಪಾಳೆ ತಟ್ಲಿಲ್ಲ. ನನ್ನ ಹೆಸ್ರು ಬರ್ಕಳಿ.”

ನಾನು ಹೆದರಿದೆ. ಬಿದ್ದರೆ ಹನ್ನೆರಡು ವರ್ಷ, ಅಷ್ಟರಲ್ಲಿ ಅವಳಿಗೆ ಅರವತ್ತು ತುಂಬುತ್ತದೆ ಎಂದೆ. “ಹೊರದಿದ್ರೂ ತುಂಬ್ತದೆ,” ಎಂದು ಅವಳು ಮುದ್ದೆ ತಿರುವಿದಳು.

ಹೊರುವ ದಿನ ನನ್ನ ಕೈಯಿಂದ ಆದಷ್ಟು ಒಳ್ಳೆಯ ಸಿಂಬಿ ಸುತ್ತಿದೆ. ಒಳಗೆ ಬೂರಗದ ಹತ್ತಿ, ಮೇಲೆ ಹಳೆಯ ರೇಷ್ಮೆ. ನಮ್ಮ ತಾತನ ಕಾಲದಿಂದ ಬಂದ ಕಸುಬು. ಚಿಕ್ಕತಾಯಿ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇಡೀ ಚಾವಡಿಯ ಎದುರಿಗೆ ಪಕ್ಕಕ್ಕಿಟ್ಟಳು. “ಇದೇನು, ಮಗು ಮಲಗ್ಸೋಕೆ ಮಾಡಿದ್ರ? ಇಷ್ಟು ಮೆತ್ತಗಿದ್ರೆ ಕಲ್ಲು ಆಡ್ತದೆ. ಆಡಿದ್ರೆ ಕತ್ತು ಮುರೀತದೆ. ಸಿಂಬಿ ಗಟ್ಟಿಗಿರ್ಬೇಕು.” ಸೊಂಟದಿಂದ ತನ್ನ ಸಿಂಬಿ ತೆಗೆದಳು. ಹರಿದ ಸೀರೆಯದು. ಸಾವಿರ ಸಲ ನೆಂದು ಒಣಗಿ ಮರದಂತಾಗಿತ್ತು.

ಟೀಚರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮೂರು ತಲೆಮಾರು ನಾವು ಅಧ್ಯಕ್ಷರ ತಲೆ ನೋಯದಿರಲೆಂದು ಮೆತ್ತಗೆ ಸುತ್ತುತ್ತಾ ಬಂದಿದ್ದೆವು. ಕಲ್ಲು ಆಡುತ್ತಿದ್ದುದು ಅದಕ್ಕೆ. ಊರಿನ ಅರ್ಧ ತಿದ್ದುಪಡಿಗಳು ಬಂದದ್ದು ಅದಕ್ಕೇ ಇರಬೇಕು. ಹೊತ್ತ ಒಬ್ಬಳು ಹೆಂಗಸನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು. ನಮ್ಮ ಮನೆಯಲ್ಲೇ ಒಬ್ಬಳಿದ್ದಳು.

ಕಲ್ಲು ಕೂತ ಮೇಲೆ ಅವಳು ಎರಡು ಸಲ ಕಾಲು ಊರಿ ನೋಡಿ ಹೊರಟಳು. ದೊಡ್ಡ ಹೆಜ್ಜೆ ಇಲ್ಲ, ಓಟವಿಲ್ಲ, ಬೋರಿನಿಂದ ಮನೆಗೆ ಹೋಗುವ ಅದೇ ನಡಿಗೆ. ಎರಡೂ ಕೈ ಬೀಸಿಕೊಂಡು ಹೋಗುವುದನ್ನು ನೋಡಿ ಪೇಟೆಯವರು ಇವತ್ತಿನದು ಸ್ವಚ್ಛತೆಯ ಕಾಯಿದೆಯೇ ಎಂದು ಕೇಳಿದರು. ಮೇಲುಬೀದಿ ಸುಮ್ಮನಿತ್ತು. ಕೆಳಬೀದಿಯಲ್ಲಿ ಈ ಸಲ ಹೂವು ಬೀಳಲಿಲ್ಲ. ಬಾಗಿಲುಗಳು ಅರ್ಧ ಮುಚ್ಚಿದ್ದವು. ಅವಳೊಂದಿಗೆ ವರ್ಷಗಟ್ಟಲೆ ಬೋರಿನ ಸಾಲಿನಲ್ಲಿ ನಿಂತಿದ್ದ ಹೆಂಗಸರು ಬಾಗಿಲ ಸಂದಿಯಿಂದ ನೋಡುತ್ತಾ ತಮಗೆ ಗೊತ್ತಿಲ್ಲದೆ ತಮ್ಮ ಕತ್ತು ಸವರಿಕೊಳ್ಳುತ್ತಿದ್ದರು. ಒಂದು ವರ್ಷದ ನಲ್ಲಿಯಲ್ಲಿ ಅವರ ಕತ್ತು ಮೆತ್ತಗಾಗಿತ್ತು. ಅದನ್ನು ತಪ್ಪೆನ್ನಲಾರೆ. ಮೆತ್ತಗಾಗಲೆಂದೇ ಅಲ್ಲವೇ ಎಲ್ಲರೂ ನಲ್ಲಿ ಕೇಳುವುದು.

ದಿಬ್ಬ ಬಂತು. ಅರ್ಧ ಹತ್ತಿದ ಮೇಲೆ ಅವಳ ಬೆನ್ನು ಬೆವರಿತು. ಹೆಜ್ಜೆ ನಿಧಾನವಾಯಿತು. ತಿಪ್ಪೇಸ್ವಾಮಿ ಕುರ್ಚಿಯಲ್ಲಿದ್ದ, ಪಕ್ಕದಲ್ಲಿ ಚೆಂಬಿತ್ತು. ಆ ಜಾಗಕ್ಕೆ ಬಂದೊಡನೆ ನನ್ನ ಕೈ ಹಾಳು ಅಭ್ಯಾಸದಿಂದ ಜೇಬಿಗೆ ಹೋಗಿ ಪೆನ್ನಿನ ಟೋಪಿ ತೆಗೆಯಿತು. ಆ ಸಣ್ಣ ಸದ್ದು ಅವಳಿಗೆ ಕೇಳಿಸಿತು. ನಿಂತಳು. ಹೊಡೆಯಲು ಇದ್ದುದು ಒಂದೇ ಸಾಲು.

“ಪೆನ್ನು ತೆಗೆದ್ರಾ?”

“ಇಲ್ಲ ಕಣೇ, ಸುಮ್ನೆ.”

“ತೆಗೆದಿದ್ದು ಒಳ್ಳೇದಾಯ್ತು. ಬರ್ಕಳಿ. ಮಿಲ್ಲಿಗೂ ಎಲ್ಲಾರಂಗೆ ಒಂದೇ ಗಂಟೆ.”

“ತಿದ್ದುಪಡಿ ಅಂದ್ರೆ ಕಡಿಮೆ ಮಾಡೋದು ಕಣೇ.”

“ಹಂಗಂತ ಪುಸ್ತಕದಲ್ಲಿ ಐತಾ?”

ಇರಲಿಲ್ಲ. ತಿದ್ದಬಹುದು ಎಂದಷ್ಟೇ ಇತ್ತು. ಆ ದಿಬ್ಬದಲ್ಲಿ ಮೂವತ್ತು ವರ್ಷ ನಾನು ಭಾರ ಇಳಿಸಿದ್ದೆನೇ ಹೊರತು ಏರಿಸುವ ಒಂದು ಅಕ್ಷರ ಬರೆದವನಲ್ಲ. ನಿಂತಲ್ಲೇ ಕಾಗದವನ್ನು ಅಂಗೈಗೆ ಒತ್ತಿ ಹಿಡಿದು ಬರೆದೆ. ಕೊನೆಯ ಚುಕ್ಕೆ ಇಟ್ಟೊಡನೆ ಕಲ್ಲು ಸಿಂಬಿಗೆ ಕಚ್ಚಿಕೊಂಡ ಸದ್ದು ಬಂತು. ಅವಳ ಹಿಮ್ಮಡಿ ಮಣ್ಣಿನಲ್ಲಿ ಒಂದು ಬೆರಳು ಇಳಿಯಿತು. ತಿಪ್ಪೇಸ್ವಾಮಿ ಕುರ್ಚಿಯಿಂದ ಎದ್ದು ನಿಂತ. ಅವನು ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಿಕ್ಕತಾಯಿ ತುಸು ಹೊತ್ತು ಹಾಗೆಯೇ ನಿಂತಿದ್ದಳು. ಬೀಳುತ್ತದೆ ಎಂದುಕೊಂಡೆ. ಹನ್ನೆರಡು ವರ್ಷ ಎಂದುಕೊಂಡೆ. ಈ ಹುಚ್ಚಿ ಸುಮ್ಮನೆ ಒಂದು ಸಾಲು ಹೊತ್ತು ಹೋಗಿದ್ದರೆ ಆಗುತ್ತಿತ್ತಲ್ಲ ಎಂದು ಮೈಯೆಲ್ಲ ಉರಿಯಿತು. ಅವಳು ಎದುರಿಗೆ ನಿಂತ ತಿಪ್ಪೇಸ್ವಾಮಿಗೆ, “ಕುರ್ಚಿ ಸ್ವಲ್ಪ ಆಕಡೆ ತಗೊಳ್ಳಿ ಸ್ವಾಮಿ, ದಾರೀಲೈತೆ,” ಎಂದಳು. ಅವನು ತೆಗೆದ. ಅವಳು ನಡೆದಳು. ದಿನವೂ ಹನ್ನೆರಡು ಸಲ ತುಳಿದ ದಾರಿ, ಯಾವ ಕಲ್ಲು ಎಲ್ಲಿ ಜಾರುತ್ತದೆಂದು ಅವಳ ಕಾಲಿಗೆ ಗೊತ್ತಿತ್ತು. ಇಪ್ಪತ್ತು ಹೆಜ್ಜೆಗೆ ತುದಿ ಬಂತು. ಇಳಿಜಾರಿನಲ್ಲಿ ಓಣಿಯ ಹದಿನೆಂಟು ಮನೆಯ ಹೆಂಗಸರು ಎರಡೂ ಬದಿಗೆ ನಿಂತಿದ್ದರು. ಯಾರೂ ಕೂಗಲಿಲ್ಲ. ತುಂಬಿದ ಕೊಡ ಹೊತ್ತವಳನ್ನು ಮಾತಾಡಿಸಬಾರದೆಂದು ಅವರಿಗೆ ಗೊತ್ತು.

ಚಾವಡಿಯಲ್ಲಿ ಕಲ್ಲು ಇಳಿಸಿದಾಗ ಜಗಲಿಯ ಚಪ್ಪಡಿ ಬಿರುಕು ಬಿಟ್ಟಿತು. ಟೀಚರು ಅತ್ತರು. ಪಟ್ಟಿ ಕಟ್ಟಿದ ಕತ್ತು ಬಗ್ಗದೆ ನೆಟ್ಟಗೆ ಕೂತು ಅತ್ತರು. “ಹೋದ ವರ್ಷ ನಾನು ಹೊರಬೇಕಾಗಿತ್ತು,” ಎಂದರು. ಚಿಕ್ಕತಾಯಿ ಬೆವರು ಒರೆಸಿಕೊಂಡು, “ನೀವು ಅಲ್ಲೀಗಂಟ ಹೊತ್ತಿದ್ದಕ್ಕೇ ನಾಲ್ಕುನೂರು ಮನೆಗೆ ನೀರು ಬಂತು ಮೇಡಮ್ಮ. ಎಲ್ಲಾನೂ ಒಬ್ರ ಕತ್ತೇ ಹೊರಕ್ಕಾಗ್ತದಾ?” ಎಂದಳು. ಅದನ್ನು ಸಮಾಧಾನಕ್ಕೆ ಹೇಳಿದಳೋ ನಿಜವಾಗಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹನುಮಂತರಾಯಪ್ಪ ಎಲ್ಲಿಂದಲೋ ಹಾರ ತಂದು ಹಾಕಿದ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಚಿಕ್ಕತಾಯಿ ಹಾರವನ್ನು ಮೊಳೆಗೆ ತಗುಲಿಸಿ ಕೊಡಪಾನ ತೆಗೆದಳು. ಎಲ್ಲಿಗೆ ಎಂದೆ.

“ಕಾಯ್ದೆ ಇವತ್ತು ಬಂತು. ಪೈಪು ಬರೋಕೆ ತಿಂಗಳಾಗ್ತದೆ. ಇವತ್ತಿನ ಸಾರಿಗೆ ನೀರು ಇವತ್ತೇ ಬೇಕಲ್ಲ.”

ನನಗೆ ನಾಚಿಕೆಯಾಯಿತು. ಅವಳು ಬೇಡ ಬೇಡವೆಂದರೂ ಇನ್ನೊಂದು ಕೊಡಪಾನ ನಾನು ಎತ್ತಿಕೊಂಡೆ. ಬೋರಿನಲ್ಲಿ ತುಂಬಿಸಿ, ಚಾವಡಿಯಲ್ಲಿ ಅವಳು ಬೇಡವೆಂದ ನನ್ನ ರೇಷ್ಮೆ ಸಿಂಬಿಯನ್ನು ತಲೆಯ ಮೇಲಿಟ್ಟು, ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸು ಹೊರೆ ಹೊತ್ತ. ಒಂದೇ ಕೊಡ. ಕೆಳಬೀದಿ ದಾಟುವವರೆಗೆ ಏನೂ ಅನ್ನಿಸಲಿಲ್ಲ. ದಿಬ್ಬದ ಅರ್ಧಕ್ಕೆ, ಸರಿಯಾಗಿ ಮಿಲ್ಲಿನ ಗೇಟಿನ ಮುಂದೆ, ಕೊಡ ಅತ್ತ ಇತ್ತ ಆಡತೊಡಗಿತು. ಕತ್ತು ಉರಿಯಿತು, ಕಿವಿಯ ಹಿಂದಿನಿಂದ ನೀರು ಇಳಿದು ಅಂಗಿಯೊಳಗೆ ಹೋಯಿತು.

“ಚಿಕ್ಕಿ, ಆಗ್ತಿಲ್ಲ ಕಣೇ. ಅರ್ಧ ಚೆಲ್ಲಿಬಿಡಲಾ?”

ಅವಳು ತಿರುಗಿ ನೋಡಲಿಲ್ಲ. ತಲೆಯ ಮೇಲೆ ಎರಡು ಕೊಡವಿರುವವರು ತಿರುಗುವುದಿಲ್ಲ.

“ಚೆಲ್ಲಿ. ಚೆಲ್ಲಿದ್ದಕ್ಕೆ ಇನ್ನೊಂದು ಸಲ ಹತ್ಬೇಕಾಗ್ತದೆ, ಅಷ್ಟೆಯ.”